0 ಮತ್ತು 1ರ ಅಡಿಯಲ್ಲಿ ಏನಿದೆ? ಡಿಜಿಟಲ್ ಸರ್ಕ್ಯೂಟಿನೊಳಗಿನ ಅನಲಾಗ್ ಲೋಕ

ಒಂದು ಬಟನ್, ಒಂದು ಮೈಕ್ರೋಕಂಟ್ರೋಲರ್ (ಒಂದೇ ಚಿಪ್ಪಿನ ಪುಟ್ಟ ಕಂಪ್ಯೂಟರ್) ಬೋರ್ಡ್, ಹತ್ತು ಸಾಲಿನ ಪ್ರೋಗ್ರಾಂ. ಬಟನ್ ಒತ್ತಿದಾಗಲೆಲ್ಲ ಎಣಿಕೆ ಒಂದು ಹೆಚ್ಚಬೇಕು, ಅಷ್ಟೇ ಕೆಲಸ. ನಾನು ಮೊದಲ ಸಲ ಇದನ್ನು ಕಟ್ಟಿದಾಗ ಒಂದು ಸಲ ಒತ್ತಿದರೆ ಎಣಿಕೆ 3 ಆಯಿತು. ಇನ್ನೊಮ್ಮೆ ಒತ್ತಿದೆ, 4 ಆಯಿತು. ಮತ್ತೊಮ್ಮೆ ಒತ್ತಿದೆ, 9 ಆಯಿತು. ಪ್ರೋಗ್ರಾಮನ್ನು ಸಾಲು ಸಾಲಾಗಿ ಓದಿ ನೋಡಿದೆ. ಅದರಲ್ಲಿ ತಪ್ಪೇ ಇರಲಿಲ್ಲ.

ಇಂಥ ಬೋರ್ಡುಗಳು ಈಗ ಎಲ್ಲರ ಕೈಗೂ ಬಂದಿವೆ. ಶಾಲೆಯ ಮಕ್ಕಳು ಸೆನ್ಸರ್ ಜೋಡಿಸುತ್ತಾರೆ. ಬರೀ ಪ್ರೋಗ್ರಾಂ ಬರೆದು ಗೊತ್ತಿದ್ದವರು ತಂತಿ, ರೆಸಿಸ್ಟರ್ ಹಿಡಿದು ಕೂರುತ್ತಾರೆ. ಅವರಿಗೆಲ್ಲ ಒಂದಲ್ಲ ಒಂದು ದಿನ ಇದೇ ಪ್ರಶ್ನೆ ಎದುರಾಗುತ್ತದೆ. ಪ್ರೋಗ್ರಾಂ ಸರಿ ಇದೆ, ಜೋಡಣೆಯೂ ಸರಿ ಇದೆ, ಆದರೂ ಯಾಕೆ ಹೀಗೆ?

ಉತ್ತರ ಸ್ವಲ್ಪ ಅಚ್ಚರಿಯದ್ದು. ಸರ್ಕ್ಯೂಟಿನಲ್ಲಿ 0 ಮತ್ತು 1 ಎಂಬ ವಸ್ತುಗಳೇ ಇಲ್ಲ. ಅಲ್ಲಿರುವುದು ವೋಲ್ಟೇಜ್, ಕರೆಂಟ್, ಸಮಯ. ಅವುಗಳನ್ನು ನೋಡಿ "ಇಷ್ಟಿದ್ದರೆ 0 ಅನ್ನೋಣ, ಅಷ್ಟಿದ್ದರೆ 1 ಅನ್ನೋಣ" ಎಂದು ನಾವು ಒಪ್ಪಂದ ಮಾಡಿಕೊಂಡಿದ್ದೇವೆ. ಒಪ್ಪಂದ ಪಾಲನೆಯಾಗುವವರೆಗೆ ಎಲ್ಲವೂ ಲೆಕ್ಕದಂತೆ ನಡೆಯುತ್ತದೆ. ಅದು ಎಲ್ಲಿ ಸಡಿಲವಾಗುತ್ತದೋ ಅಲ್ಲಿಂದ ತೊಂದರೆ ಶುರು.

ಮೊದಲು ಎರಡು ಪದಗಳು

ಇಳಿಜಾರು ಮತ್ತು ಮೆಟ್ಟಿಲು, ಎರಡನ್ನೂ ನೆನಪಿಗೆ ತಂದುಕೊಳ್ಳಿ. ಇಳಿಜಾರಿನಲ್ಲಿ ಎಲ್ಲಿ ಬೇಕಾದರೂ ನಿಲ್ಲಬಹುದು. ಇದು ಅನಲಾಗ್. ಮೆಟ್ಟಿಲಲ್ಲಿ ಮೂರನೆಯದರ ಮೇಲೆ ನಿಲ್ಲಬೇಕು, ಇಲ್ಲವೇ ನಾಲ್ಕನೆಯದರ ಮೇಲೆ. ಮೂರೂವರೆ ಎಂಬ ಮೆಟ್ಟಿಲಿಲ್ಲ. ಇದು ಡಿಜಿಟಲ್. ಆದರೆ ಒಂದು ವಿಷಯ ಗಮನಿಸಿ. ಮೂರರಿಂದ ನಾಲ್ಕಕ್ಕೆ ಹೋಗುವಾಗ ನಿಮ್ಮ ಕಾಲು ನಡುವಿನ ಗಾಳಿಯನ್ನು ದಾಟಲೇಬೇಕು. ಆ ಒಂದು ಕ್ಷಣ ಕಾಲು ಮೂರರಲ್ಲೂ ಇರುವುದಿಲ್ಲ, ನಾಲ್ಕರಲ್ಲೂ ಇರುವುದಿಲ್ಲ. ಈ ಲೇಖನದ ಮುಕ್ಕಾಲು ಪಾಲು ಆ ಕ್ಷಣದ ಬಗ್ಗೆಯೇ.

ಇನ್ನು ವೋಲ್ಟೇಜ್ ಎಂದರೆ ಪೈಪಿನೊಳಗಿನ ನೀರಿನ ಒತ್ತಡ ಇದ್ದ ಹಾಗೆ. ಕರೆಂಟ್ ಎಂದರೆ ನೀರಿನ ಹರಿವು. ರೆಸಿಸ್ಟರ್ ಆ ಹರಿವನ್ನು ತಡೆಯುವ ಕಿರಿದಾದ ಪೈಪು. ಕೆಪಾಸಿಟರ್ ಒಂದು ಬಕೆಟ್. ತುಂಬಲೂ ಹೊತ್ತು ಬೇಕು, ಖಾಲಿಯಾಗಲೂ ಹೊತ್ತು ಬೇಕು. ಇಂಡಕ್ಟನ್ಸ್ ಎಂಬುದು ಹರಿಯುವ ನೀರಿನ ಭಾರ. ಜೋರಾಗಿ ಹರಿಯುತ್ತಿರುವ ನಲ್ಲಿಯನ್ನು ಫಟ್ಟನೆ ಮುಚ್ಚಿದರೆ ಪೈಪು ಧಡ್ ಎಂದು ಅದುರುತ್ತದೆ ಅಲ್ವಾ? ಹರಿವು ಥಟ್ಟನೆ ನಿಲ್ಲಲು ಒಪ್ಪುವುದಿಲ್ಲ. ಹಾಗೆಯೇ ಥಟ್ಟನೆ ಶುರುವಾಗಲೂ ಒಪ್ಪುವುದಿಲ್ಲ. ಪ್ರತಿ ತಂತಿಯಲ್ಲೂ ಒಂದಿಷ್ಟು ಬಕೆಟ್ ಇದೆ, ಒಂದಿಷ್ಟು ಭಾರ ಇದೆ. ಯಾರೂ ಇಟ್ಟದ್ದಲ್ಲ. ತಂತಿ ಇದ್ದ ಮೇಲೆ ಅವೂ ಇರುತ್ತವೆ.

0 ಎಂದರೆ ಎಷ್ಟು ವೋಲ್ಟ್?

1960ರ ದಶಕದಲ್ಲಿ ಬಂದ ಟಿಟಿಎಲ್ ಎಂಬ ಚಿಪ್ ಕುಟುಂಬವನ್ನೇ ತೆಗೆದುಕೊಳ್ಳೋಣ. ಅದು 5 ವೋಲ್ಟ್‌ನಲ್ಲಿ ಕೆಲಸ ಮಾಡುತ್ತದೆ. ಹಾಗಾದರೆ 0 ಎಂದರೆ 0 ವೋಲ್ಟ್, 1 ಎಂದರೆ 5 ವೋಲ್ಟ್ ಎಂದುಕೊಳ್ಳುತ್ತೇವೆ. ನಿಜವಾದ ಒಪ್ಪಂದ ಹೀಗಿದೆ. ಕೇಳಿಸಿಕೊಳ್ಳುವ ಚಿಪ್ 0.8 ವೋಲ್ಟ್‌ವರೆಗೆ ಬಂದದ್ದನ್ನೆಲ್ಲ 0 ಎಂದು ಒಪ್ಪಬೇಕು. 2.0 ವೋಲ್ಟ್ ಮತ್ತು ಅದಕ್ಕಿಂತ ಮೇಲಿನದನ್ನೆಲ್ಲ 1 ಎಂದು ಒಪ್ಪಬೇಕು. ಹೇಳುವ ಚಿಪ್‌ಗೆ ನಿಯಮ ಇನ್ನೂ ಬಿಗಿ. ಅದು 0 ಹೇಳುವಾಗ 0.4 ವೋಲ್ಟ್ ದಾಟಬಾರದು, 1 ಹೇಳುವಾಗ 2.4 ವೋಲ್ಟ್‌ಗಿಂತ ಕೆಳಗಿಳಿಯಬಾರದು.

ಹೇಳುವವರ ಮಿತಿಗೂ ಕೇಳುವವರ ಮಿತಿಗೂ ನಡುವೆ ಎರಡೂ ಕಡೆ 0.4 ವೋಲ್ಟ್ ಅಂತರ ಬಿಟ್ಟಿದ್ದಾರೆ. ದಾರಿಯಲ್ಲಿ ಏನಾದರೂ ಗಲಾಟೆ ಸೇರಿಕೊಂಡರೆ ತಡೆದುಕೊಳ್ಳಲಿ ಎಂದು ಇಟ್ಟ ಜಾಗ ಅದು. ಇದಕ್ಕೆ ನಾಯ್ಸ್ ಮಾರ್ಜಿನ್ ಎನ್ನುತ್ತಾರೆ. ಇನ್ನು 0.8ರಿಂದ 2.0ರ ನಡುವಿನ ಪ್ರದೇಶ ಯಾರ ಲೆಕ್ಕಕ್ಕೂ ಸೇರದ್ದು. ಅಲ್ಲಿ ವೋಲ್ಟೇಜ್ ನಿಂತರೆ ಒಂದು ಚಿಪ್ ಅದನ್ನು 0 ಎಂದು ಓದಬಹುದು, ಪಕ್ಕದ್ದು 1 ಎಂದು ಓದಬಹುದು. ಒಂದೇ ಚಿಪ್ ಬೆಳಿಗ್ಗೆ ಒಂದು ಥರ, ಬಿಸಿಯಾದ ಮೇಲೆ ಇನ್ನೊಂದು ಥರ ಓದಬಹುದು.

ಕೈಯಲ್ಲಿ ಕಟ್ಟುವವರು ಇಲ್ಲಿ ತುಂಬ ಸಲ ಎಡವುತ್ತಾರೆ. ಸಿಮಾಸ್ ಎಂಬುದು ಈಗ ಬಹುತೇಕ ಕಡೆ ಬಳಸುವ ಚಿಪ್ ಬಗೆ. ಹಲವು ಸಿಮಾಸ್ ಚಿಪ್‌ಗಳಲ್ಲಿ 1 ಎಂದು ಒಪ್ಪಲು ಚಿಪ್ಪಿಗೆ ಕೊಟ್ಟ ಸಪ್ಲೈ ವೋಲ್ಟೇಜಿನ ಸುಮಾರು 70% ಬೇಕು. ಸಪ್ಲೈ 5 ವೋಲ್ಟ್ ಇದ್ದರೆ 3.5 ವೋಲ್ಟ್ ಬೇಕಾಯಿತು. ಅದಕ್ಕೆ 3.3 ವೋಲ್ಟ್‌ನ ಬೋರ್ಡ್ ಜೋಡಿಸುತ್ತಾರೆ. ಮೇಜಿನ ಮೇಲೆ ಕೆಲಸ ಮಾಡುತ್ತದೆ, ಯಾಕೆಂದರೆ ಚಿಪ್ ನಿಜವಾಗಿ ಬದಲಾಗುವ ಬಿಂದು ಅರ್ಧದ ಆಸುಪಾಸಿನಲ್ಲಿರುತ್ತದೆ. ಆದರೆ ಚಿಪ್ ತಯಾರಿಸಿದವರು ಕೊಟ್ಟ ಮಾತು 3.5ಕ್ಕೆ ಮಾತ್ರ. ಇನ್ನೊಂದು ಚಿಪ್ ಹಾಕಿದಾಗ, ಚಳಿಯಲ್ಲಿ ಅಥವಾ ಸೆಕೆಯಲ್ಲಿ, ಅದು ಕೈಕೊಟ್ಟರೆ ದೂರುವ ಹಾಗಿಲ್ಲ. "ನನ್ನ ಹತ್ತಿರ ಸರಿಯಾಗಿಯೇ ಓಡಿತ್ತು" ಎಂಬ ಮಾತಿನ ಹಿಂದೆ ಬಹಳ ಸಲ ಇಂಥದ್ದೇ ಒಂದು ಸಂಗತಿ ಇರುತ್ತದೆ.

ಇಷ್ಟೆಲ್ಲ ಕಷ್ಟ ಯಾಕೆ? ನೇರವಾಗಿ ವೋಲ್ಟೇಜನ್ನೇ ಬಳಸಬಾರದೇ? ಇದಕ್ಕೆ ಕೈಬರಹ ಒಳ್ಳೆಯ ಹೋಲಿಕೆ. ಒಂದು ಪುಟವನ್ನು ಜೆರಾಕ್ಸ್ ಮಾಡಿ, ಆ ಜೆರಾಕ್ಸಿನ ಜೆರಾಕ್ಸ್ ಮಾಡಿ, ಹೀಗೇ ಐವತ್ತು ಸಲ ಮಾಡಿದರೆ ಕೊನೆಗೆ ಉಳಿಯುವುದು ಮಸಿ. ಪ್ರತಿ ಸಲದ ಕಲೆ ಮುಂದಿನದಕ್ಕೂ ಹೋಗುತ್ತದೆ. ಅದೇ ಪುಟವನ್ನು ಒಬ್ಬರು ಓದಿ ಹೊಸದಾಗಿ ಬರೆದು, ಅದನ್ನು ಇನ್ನೊಬ್ಬರು ಓದಿ ಬರೆದರೆ? ಯಾರ ಅಕ್ಷರ ಎಷ್ಟೇ ವಕ್ರವಾಗಿರಲಿ, "ಕ" ಎಂದು ಗುರುತು ಸಿಕ್ಕಿದರೆ ಮುಂದಿನವರು ಅಚ್ಚುಕಟ್ಟಾದ "ಕ" ಬರೆಯುತ್ತಾರೆ. ಕಲೆ ಅಲ್ಲಿಗೇ ನಿಲ್ಲುತ್ತದೆ. ಚಿಪ್ಪಿನೊಳಗೆ 0, 1 ಓದಿ ಉತ್ತರ ಕೊಡುವ ಪುಟ್ಟ ಸರ್ಕ್ಯೂಟಿಗೆ ಗೇಟ್ ಎನ್ನುತ್ತಾರೆ. ಪ್ರತಿ ಡಿಜಿಟಲ್ ಗೇಟ್ ಮಾಡುವುದು ಇದನ್ನೇ. 0.7 ವೋಲ್ಟ್ ಬಂದರೂ ಅದನ್ನು 0 ಎಂದು ಓದಿ, ತನ್ನ ಕಡೆಯಿಂದ ಶುದ್ಧವಾದ ವೋಲ್ಟೇಜ್ ಕೊಡುತ್ತದೆ. ಕೋಟಿಗಟ್ಟಲೆ ಗೇಟುಗಳ ಸಾಲು ನಿಂತಿರುವುದೇ ಈ ಗುಣದ ಮೇಲೆ. ಆದರೆ ಅಕ್ಷರ "ಪ" ಅಥವಾ "ಷ" ಎಂದು ಅನುಮಾನ ಬರುವಷ್ಟು ಕೆಟ್ಟರೆ, ಓದುವವರು ತಪ್ಪಾದ ಅಕ್ಷರವನ್ನೇ ಅಷ್ಟೇ ಅಚ್ಚುಕಟ್ಟಾಗಿ ಬರೆದುಬಿಡುತ್ತಾರೆ.

ಗೇಟ್ ಎಂದರೆ ಒಂದು ಆಂಪ್ಲಿಫೈಯರ್

ನಾಟ್ ಗೇಟ್ ಎಲ್ಲಕ್ಕಿಂತ ಸರಳವಾದದ್ದು. 0 ಕೊಟ್ಟರೆ 1, 1 ಕೊಟ್ಟರೆ 0. ಅದರ ಒಳಬದಿಗೆ ವೋಲ್ಟೇಜನ್ನು ನಿಧಾನವಾಗಿ ಏರಿಸುತ್ತ ಹೋಗಿ ನೋಡಿ. ಮೊದಮೊದಲು ಹೊರಬದಿ ಅಲ್ಲಾಡುವುದೇ ಇಲ್ಲ, 5 ವೋಲ್ಟ್‌ನಲ್ಲೇ ಇರುತ್ತದೆ. ಅರ್ಧದ ಹತ್ತಿರ ಬಂದಾಗ ಇದ್ದಕ್ಕಿದ್ದ ಹಾಗೆ ಕಡಿದಾಗಿ ಕುಸಿಯುತ್ತದೆ. ಆಮೇಲೆ ಮತ್ತೆ ಸಪಾಟು. ಎರಡು ತುದಿಯ ಸಪಾಟು ಜಾಗಗಳು ಗಲಾಟೆಯನ್ನು ನುಂಗುತ್ತವೆ. ನಡುವಿನ ಕಡಿದಾದ ಜಾಗದಲ್ಲಿ ಮಾತ್ರ ಒಳಬದಿಯ ಚಿಕ್ಕ ಅಲುಗಾಟ ಹೊರಬದಿಯಲ್ಲಿ ಹತ್ತಾರು ಪಟ್ಟು ದೊಡ್ಡದಾಗುತ್ತದೆ. ಚಿಕ್ಕದನ್ನು ದೊಡ್ಡದು ಮಾಡುವ ಸಾಧನಕ್ಕೆ ಏನೆನ್ನುತ್ತೇವೆ? ಆಂಪ್ಲಿಫೈಯರ್.

ಇದು ಬರೀ ಮಾತಿನ ಚಮತ್ಕಾರವಲ್ಲ. ಬೋರ್ಡಿನ ಮೇಲೆ ಬೆಳ್ಳಿ ಬಣ್ಣದ ಪುಟ್ಟ ಡಬ್ಬಿಯೊಂದು ಇರುತ್ತದೆ. ಅದರೊಳಗಿರುವುದು ಕ್ವಾರ್ಟ್ಜ್ ಹರಳು. ಅದರ ಎರಡು ಕಾಲುಗಳ ನಡುವೆ ಚಿಪ್ಪಿನೊಳಗಿರುವುದು ಒಂದು ನಾಟ್ ಗೇಟ್. ಅದರ ಹೊರಬದಿಯಿಂದ ಒಳಬದಿಗೆ ದೊಡ್ಡ ರೆಸಿಸ್ಟರ್ ಒಂದನ್ನು ಹಾಕಿ, ಗೇಟನ್ನು ಬೇಕೆಂದೇ ಆ ಕಡಿದಾದ ನಡು ಜಾಗದಲ್ಲಿ ಕೂರಿಸಿರುತ್ತಾರೆ. ಆಗ ಅದು ಹರಳಿನ ಕಂಪನವನ್ನು ದೊಡ್ಡದು ಮಾಡುತ್ತ ನಿಲ್ಲದ ಹಾಗೆ ನೋಡಿಕೊಳ್ಳುತ್ತದೆ. ಇಡೀ ಡಿಜಿಟಲ್ ವ್ಯವಸ್ಥೆ ಹೆಜ್ಜೆ ಹಾಕುವುದು ಈ ಕ್ಲಾಕ್‌ನ ತಾಳಕ್ಕೆ. ಆ ತಾಳ ಹುಟ್ಟುವುದು ಒಂದು ಅನಲಾಗ್ ಆಂಪ್ಲಿಫೈಯರಿನಲ್ಲಿ. ಇದನ್ನು ತಿಳಿದ ದಿನ ನನಗಾದ ಸಂತೋಷ ಇನ್ನೂ ನೆನಪಿದೆ.

ಎಲ್ಲಿಗೂ ಸೇರಿಸದ ಕಾಲು

ಸಿಮಾಸ್ ಚಿಪ್ಪಿನ ಇನ್‌ಪುಟ್ ಕಾಲನ್ನು ಎಲ್ಲಿಗೂ ಜೋಡಿಸದೆ ಬಿಟ್ಟರೆ ಅದು 0 ಆಗಿರುತ್ತದೆ ಎಂದು ತುಂಬ ಜನ ಅಂದುಕೊಳ್ಳುತ್ತಾರೆ. ಏನೂ ಕೊಡದಿದ್ದರೆ ಸೊನ್ನೆ, ಸಹಜವಾದ ಯೋಚನೆ. ಆದರೆ ಆ ಕಾಲಿನ ಒಳಗಿರುವುದು ಗಾಜಿನಂಥ ತೆಳು ಪದರದ ಹಿಂದಿನ ಪುಟ್ಟ ಬಕೆಟ್. ಅದು ಹೆಚ್ಚುಕಡಿಮೆ ಕರೆಂಟನ್ನೇ ಎಳೆಯುವುದಿಲ್ಲ. ಹಾಗಾಗಿ ಎಲ್ಲಿಂದಲೋ ಬಂದ ಚೂರು ಚಾರ್ಜ್ ಅದರ ವೋಲ್ಟೇಜನ್ನು ಎತ್ತಿಬಿಡುತ್ತದೆ. ಕೈ ಹತ್ತಿರ ತಂದರೆ ಸಾಕು, ಗೋಡೆಯೊಳಗಿನ ವೈರಿಂಗ್‌ನ 50 ಅಥವಾ 60 ಹರ್ಟ್ಜ್ ಅಲೆಯನ್ನು ನಿಮ್ಮ ದೇಹ ಹಿಡಿದು ಅದಕ್ಕೆ ತಲುಪಿಸುತ್ತದೆ. ಹೊರಬದಿಗೆ ಕಟ್ಟಿದ ಎಲ್‌ಇಡಿ ದೀಪ ಮಿನುಗತೊಡಗುತ್ತದೆ.

ಪರಿಹಾರ ಸುಲಭ. 10 ಕಿಲೋ ಓಮ್‌ನ ಒಂದು ರೆಸಿಸ್ಟರ್ ಮೂಲಕ ಆ ಕಾಲನ್ನು ಸಪ್ಲೈಗೋ ಗ್ರೌಂಡಿಗೋ (0 ವೋಲ್ಟ್ ಎಂದು ಲೆಕ್ಕ ಹಿಡಿಯುವ ತಂತಿ) ಕಟ್ಟಿ. ಬೇರೆ ಯಾರೂ ಮಾತಾಡದಿದ್ದಾಗ ಅದು ಆ ಕಡೆಗೆ ವಾಲಿ ನಿಂತಿರುತ್ತದೆ.

ಬಟನ್ ಯಾಕೆ ಮೂರು ಎಣಿಸಿತು?

ಬಟನ್ನಿನೊಳಗೆ ಎರಡು ಲೋಹದ ತುಂಡುಗಳಿವೆ. ಒತ್ತಿದಾಗ ಒಂದು ಹೋಗಿ ಇನ್ನೊಂದಕ್ಕೆ ಬಡಿಯುತ್ತದೆ. ನೆಲಕ್ಕೆ ಬಿದ್ದ ಚೆಂಡು ಒಂದೇ ಸಲಕ್ಕೆ ನಿಲ್ಲುತ್ತದೆಯೇ? ಪುಟಿದು ಪುಟಿದು ಆಮೇಲೆ ನಿಲ್ಲುತ್ತದೆ. ಲೋಹವೂ ಹಾಗೆಯೇ. ಕೆಲವು ಮಿಲಿಸೆಕೆಂಡುಗಳ ಕಾಲ ತಾಗುತ್ತದೆ, ಬಿಡುತ್ತದೆ, ಮತ್ತೆ ತಾಗುತ್ತದೆ. ನಮ್ಮ ಬೆರಳಿಗೆ ಇದು ಗೊತ್ತೇ ಆಗುವುದಿಲ್ಲ. ಆದರೆ 16 ಮೆಗಾಹರ್ಟ್ಜ್‌ನಲ್ಲಿ ಓಡುವ ಚಿಪ್‌ಗೆ 5 ಮಿಲಿಸೆಕೆಂಡ್ ಎಂದರೆ 80,000 ಕ್ಲಾಕ್ ಹೆಜ್ಜೆಗಳು. ಅದಕ್ಕೆ ಪ್ರತಿ ಪುಟಿತವೂ ಒಂದೊಂದು ಹೊಸ ಒತ್ತು. ನನ್ನ ಪ್ರೋಗ್ರಾಂ ಸರಿಯಾಗಿಯೇ ಎಣಿಸುತ್ತಿತ್ತು. ಬಟನ್ ನಿಜವಾಗಿಯೂ ಮೂರು ಸಲ ತಾಗಿತ್ತು.

ಮೊದಲ ಸಲ ತಾಗಿದ ಮೇಲೆ 10ರಿಂದ 20 ಮಿಲಿಸೆಕೆಂಡ್ ಕಾದು ಮತ್ತೆ ನೋಡು ಎಂದು ಪ್ರೋಗ್ರಾಮಿನಲ್ಲೇ ಹೇಳಬಹುದು. ಇನ್ನೊಂದು ದಾರಿ, ರೆಸಿಸ್ಟರ್ ಮತ್ತು ಕೆಪಾಸಿಟರ್ ಹಾಕಿ ಏರಿಳಿತವನ್ನು ನಯ ಮಾಡುವುದು. ಆದರೆ ಇದರಲ್ಲೊಂದು ಸಿಕ್ಕು ಇದೆ. ನಯವಾದ ವೋಲ್ಟೇಜ್ ಆ ಕಡಿದಾದ ನಡು ಜಾಗವನ್ನು ನಿಧಾನವಾಗಿ ದಾಟುತ್ತದೆ. ದಾಟುವಾಗ ಚೂರೇ ಚೂರು ಗಲಾಟೆ ಸೇರಿದರೂ ಗೇಟ್ ಅದನ್ನು ದೊಡ್ಡದು ಮಾಡಿ 0, 1, 0, 1 ಎಂದು ತೊದಲುತ್ತದೆ.

ಇದಕ್ಕೆ ಮದ್ದು ಶ್ಮಿಟ್ ಟ್ರಿಗರ್. ಇದಕ್ಕೆ ಎರಡು ಗಡಿಗಳು. ಏರುವಾಗ, ಉದಾಹರಣೆಗೆ, 3 ವೋಲ್ಟ್ ದಾಟಿದರೆ 1 ಎನ್ನುತ್ತದೆ. ಆಮೇಲೆ 2.9ಕ್ಕೆ ಇಳಿದರೂ ಮಾತು ಬದಲಿಸುವುದಿಲ್ಲ. 2ಕ್ಕಿಂತ ಕೆಳಗೆ ಹೋದಾಗಷ್ಟೇ 0 ಎನ್ನುತ್ತದೆ. ನೀರಿನ ಟ್ಯಾಂಕಿನ ಮೋಟಾರು ಹೀಗೇ ತಾನೇ? ಟ್ಯಾಂಕ್ ತುಂಬಿದಾಗ ನಿಲ್ಲುತ್ತದೆ. ಒಂದು ಚೊಂಬು ನೀರು ತೆಗೆದ ಕೂಡಲೇ ಮತ್ತೆ ಶುರುವಾಗುವುದಿಲ್ಲ. ಇದನ್ನು ಕಂಡುಹಿಡಿದವರು ಅಮೆರಿಕದ ಆಟೊ ಶ್ಮಿಟ್. ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದಾಗ, 1934ರಲ್ಲಿ. ಸ್ಕ್ವಿಡ್ ಎಂಬ ಕಡಲಜೀವಿಯ ನರದಲ್ಲಿ ಸಂಕೇತ ಹೇಗೆ ಹರಿಯುತ್ತದೆ ಎಂಬ ಅಧ್ಯಯನದಿಂದ ಈ ಯೋಚನೆ ಹುಟ್ಟಿತು. ಟ್ರಾನ್ಸಿಸ್ಟರ್ ಬರುವುದಕ್ಕೂ ಹನ್ನೆರಡು ಹದಿಮೂರು ವರ್ಷ ಮೊದಲು!

ತಂತಿ ಬರೀ ತಂತಿ ಅಲ್ಲ

ನಕ್ಷೆಯಲ್ಲಿ ತಂತಿ ಎಂದರೆ ಒಂದು ಗೆರೆ. ಈ ತುದಿಯಲ್ಲಿ ಏನಿದೆಯೋ ಆ ತುದಿಯಲ್ಲೂ ಅದೇ, ಅದೇ ಕ್ಷಣದಲ್ಲಿ. ನಿಜವಾದ ತಂತಿಯಲ್ಲಿ ಹಾಗಾಗುವುದಿಲ್ಲ.

ಬಕೆಟ್ ಕಡೆಯಿಂದ ನೋಡೋಣ. ಒಂದು ಮೀಟರ್ ಕೇಬಲ್‌ನಲ್ಲಿ ಸುಮಾರು 50ರಿಂದ 100 ಪಿಕೋಫ್ಯಾರಡ್ ಕೆಪಾಸಿಟನ್ಸ್, ಅಂದರೆ ಬಕೆಟ್ಟಿನ ಗಾತ್ರ, ಇರುತ್ತದೆ. ಸೆನ್ಸರುಗಳನ್ನು ಜೋಡಿಸಲು ಬಳಸುವ ಐ-ಟು-ಸಿ ಎಂಬ ಎರಡು ತಂತಿಯ ವ್ಯವಸ್ಥೆಯಲ್ಲಿ, ತಂತಿಯನ್ನು ಕೆಳಗೆ ಎಳೆಯಲು ಟ್ರಾನ್ಸಿಸ್ಟರ್ ಎಂಬ ಸ್ವಿಚ್ ಇದೆ. ಮೇಲೆ ಎತ್ತಲು ಇರುವುದು ಒಂದು ರೆಸಿಸ್ಟರ್ ಮಾತ್ರ. 0ಗೆ ಇಳಿಯುವುದು ಫಟ್ಟನೆ, 1ಕ್ಕೆ ಏರುವುದು ಬಕೆಟ್ ತುಂಬಿದ ಹಾಗೆ ನಿಧಾನ. ಸೆನ್ಸರ್ ಬೋರ್ಡಿನ ಪಕ್ಕದಲ್ಲೇ ಇದ್ದಾಗ ಸರಿಯಾಗಿ ಕೆಲಸ ಮಾಡಿ, ಉದ್ದದ ತಂತಿ ಹಾಕಿದ ಕೂಡಲೇ ನಿಂತುಹೋಗುವುದು ಇದಕ್ಕೇ. ನಿಯಮದ ಪ್ರಕಾರ ಒಟ್ಟು ಕೆಪಾಸಿಟನ್ಸ್ 400 ಪಿಕೋಫ್ಯಾರಡ್ ದಾಟಬಾರದು. ಸಾಮಾನ್ಯ ವೇಗದಲ್ಲಿ ಏರಲು ತೆಗೆದುಕೊಳ್ಳುವ ಹೊತ್ತು ಒಂದು ಮೈಕ್ರೋಸೆಕೆಂಡ್ ದಾಟಬಾರದು. 400 ಪಿಕೋಫ್ಯಾರಡ್‌ಗೆ ಎಲ್ಲರೂ ಬಳಸುವ 4.7 ಕಿಲೋ ಓಮ್ ಹಾಕಿದರೆ ಸುಮಾರು 1.6 ಮೈಕ್ರೋಸೆಕೆಂಡ್ ಆಗುತ್ತದೆ. ರೆಸಿಸ್ಟರನ್ನು 2.2 ಕಿಲೋ ಓಮ್‌ಗೆ ಇಳಿಸಿದರೆ ಬದುಕಿಕೊಳ್ಳುತ್ತದೆ.

ಈಗ ಸಮಯದ ಕಡೆಯಿಂದ. ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ ಸುಮಾರು 30 ಸೆಂ.ಮೀ. ಹೋಗುತ್ತದೆ. ಕಂಪ್ಯೂಟರ್ ಲೋಕದ ಹಿರಿಯರಾದ ಗ್ರೇಸ್ ಹಾಪರ್ ತಮ್ಮ ಉಪನ್ಯಾಸಗಳಲ್ಲಿ ಅಷ್ಟುದ್ದದ ತಂತಿ ತುಂಡುಗಳನ್ನು ಹಂಚಿ, "ಇದು ಒಂದು ನ್ಯಾನೊಸೆಕೆಂಡ್" ಎಂದು ತೋರಿಸುತ್ತಿದ್ದರು. ಸರ್ಕ್ಯೂಟ್ ಬೋರ್ಡಿನ ತಾಮ್ರದ ಗೆರೆಯಲ್ಲಿ ವೇಗ ಅದರ ಅರ್ಧದಷ್ಟು, ನ್ಯಾನೊಸೆಕೆಂಡಿಗೆ ಸುಮಾರು 15 ಸೆಂ.ಮೀ. 3 ಗಿಗಾಹರ್ಟ್ಜ್ ಪ್ರೊಸೆಸರಿನ ಒಂದು ಹೆಜ್ಜೆ ಮುಗಿಯುವಷ್ಟರಲ್ಲಿ ಸಂಕೇತ ಬೋರ್ಡಿನ ಮೇಲೆ 5 ಸೆಂ.ಮೀ. ಮಾತ್ರ ಸಾಗಿರುತ್ತದೆ.

ಸಂಕೇತ ಸಾಗುವ ಅಲೆ ಎಂದಾದರೆ, ಅಲೆಯ ಗುಣಗಳೂ ಅದಕ್ಕೆ ಬರುತ್ತವೆ. ಉದ್ದದ ಹಗ್ಗದ ಒಂದು ತುದಿಯನ್ನು ಕಂಬಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಒಮ್ಮೆ ಜಾಡಿಸಿ. ಉಬ್ಬು ಓಡಿ ಹೋಗಿ ಕಂಬಕ್ಕೆ ಬಡಿದು ವಾಪಸ್ ಬರುತ್ತದೆ. ತಂತಿಯ ತುದಿಯಲ್ಲೂ ಹೀಗೇ ಆಗುತ್ತದೆ. ಹೋದ ಅಲೆ ವಾಪಸ್ ಬಂದು, ಮತ್ತೆ ಹೋಗಿ, ವೋಲ್ಟೇಜ್ 5ರ ಬದಲು 7ಕ್ಕೆ ಜಿಗಿದು 3.5ಕ್ಕೆ ಬಿದ್ದು ಓಲಾಡುತ್ತದೆ. ಕ್ಲಾಕ್ ತಂತಿಯಲ್ಲಿ ಇದಾದರೆ ಒಂದು ಹೆಜ್ಜೆಯನ್ನು ಎರಡು ಎಂದು ಎಣಿಸುವ ಅಪಾಯವಿದೆ. ಪ್ರತಿ ತಂತಿಗೂ ಅಲೆಯನ್ನು ಸಾಗಿಸುವಾಗ ತೋರುವ ತನ್ನದೇ ಒಂದು ತಡೆ ಇದೆ. ಬೋರ್ಡುಗಳಲ್ಲಿ ಅದನ್ನು ಸಾಮಾನ್ಯವಾಗಿ 50 ಓಮ್ ಆಸುಪಾಸಿಗೆ ಇಡುತ್ತಾರೆ. ಮಲ್ಟಿಮೀಟರಿನಲ್ಲಿ ಅಳೆದರೆ ಇದು ಕಾಣಿಸುವುದಿಲ್ಲ. ತುದಿಯಲ್ಲಿ ಇದಕ್ಕೆ ಹೊಂದುವ ತಡೆ ಇದ್ದರೆ ಅಲೆ ಅಲ್ಲೇ ಇಂಗಿಹೋಗುತ್ತದೆ, ವಾಪಸ್ ಬರುವುದಿಲ್ಲ. ಹೊರಡುವ ಕಡೆ 22 ಅಥವಾ 33 ಓಮ್‌ನ ರೆಸಿಸ್ಟರ್ ಹಾಕುವುದೂ ಇದೇ ಲೆಕ್ಕ. ಚಿಪ್ಪಿನ ಸ್ವಂತ ತಡೆ ಸೇರಿ ಒಟ್ಟು 50ರ ಹತ್ತಿರ ಬರುತ್ತದೆ, ವಾಪಸ್ ಬಂದ ಅಲೆ ಅಲ್ಲಿ ಶಾಂತವಾಗುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು, ಯಾಕೆಂದರೆ ಅನುಭವ ಇದ್ದವರೂ ಇದರಲ್ಲಿ ಮೋಸ ಹೋಗುತ್ತಾರೆ. "ನನ್ನ ಕ್ಲಾಕ್ ಬರೀ 1 ಮೆಗಾಹರ್ಟ್ಜ್, ನನಗೆ ಇದೆಲ್ಲ ಯಾಕೆ?" ಎಂದು ಕೇಳುತ್ತಾರೆ. ಸೆಕೆಂಡಿಗೆ ಎಷ್ಟು ಸಲ ಬದಲಾಗುತ್ತದೆ ಎಂಬುದು ಇಲ್ಲಿ ಮುಖ್ಯವೇ ಅಲ್ಲ. ಪ್ರತಿ ಸಲ ಎಷ್ಟು ಬೇಗ ಏರುತ್ತದೆ ಎಂಬುದು ಮುಖ್ಯ. ಆ ಏರಿಕೆಗೆ ಅಂಚು ಎನ್ನುತ್ತಾರೆ. ಒಂದು ನ್ಯಾನೊಸೆಕೆಂಡಿನಲ್ಲಿ ಏರುವ ಅಂಚಿನಲ್ಲಿ ಸುಮಾರು 350 ಮೆಗಾಹರ್ಟ್ಜ್‌ವರೆಗಿನ ಅಲೆಗಳು ಅಡಗಿರುತ್ತವೆ. ಆ ಅಂಚು ದಿನಕ್ಕೊಂದೇ ಸಲ ಬಂದರೂ ಅಷ್ಟೇ. ಅಂಥ ಅಂಚಿಗೆ ಏಳೆಂಟು ಸೆಂ.ಮೀ. ತಂತಿಯೂ ಉದ್ದವೇ. ಎಚ್ಚರಿಕೆಯ ಎಂಜಿನಿಯರುಗಳು ಅದರ ಮೂರನೇ ಒಂದು ಪಾಲಿಗೇ ಚಿಂತೆ ಶುರು ಮಾಡುತ್ತಾರೆ. ವರ್ಷಗಟ್ಟಲೆ ಓಡಿದ ಬೋರ್ಡಿಗೆ ಅದೇ ಹೆಸರಿನ ಹೊಸ ಚಿಪ್ ಹಾಕಿದಾಗ ಕೆಡುವುದುಂಟು. ಹೆಸರು ಅದೇ, ಕ್ಲಾಕ್ ಅದೇ. ಆದರೆ ಹೊಸ ತಯಾರಿಕೆಯ ಟ್ರಾನ್ಸಿಸ್ಟರುಗಳು ಚಿಕ್ಕವು, ಅವುಗಳ ಅಂಚು ಹೆಚ್ಚು ಚುರುಕು.

ಗ್ರೌಂಡ್ ಅಲ್ಲಾಡುತ್ತದೆ

ಇಲ್ಲಿಯವರೆಗೆ 0.8 ವೋಲ್ಟ್, 2 ವೋಲ್ಟ್ ಎಂದೆಲ್ಲ ಹೇಳಿದೆ. ಯಾವುದಕ್ಕೆ ಹೋಲಿಸಿ? ಗ್ರೌಂಡಿಗೆ. ಎತ್ತರ ಅಳೆಯಲು ನೆಲ ಇದ್ದ ಹಾಗೆ. ಆದರೆ ಗ್ರೌಂಡ್ ಕೂಡ ತಾಮ್ರದ ತಂತಿಯೇ. ಅದರಲ್ಲೂ ಇಂಡಕ್ಟನ್ಸ್ ಇದೆ, ಒಂದು ಮಿಲಿಮೀಟರಿಗೆ ಹೆಚ್ಚುಕಡಿಮೆ ಒಂದು ನ್ಯಾನೊಹೆನ್ರಿ.

ಒಂದು ಲೆಕ್ಕ ಮಾಡೋಣ. ಚಿಪ್ಪಿನ ಗ್ರೌಂಡ್ ಕಾಲಿನ ಇಂಡಕ್ಟನ್ಸ್ 10 ನ್ಯಾನೊಹೆನ್ರಿ. ಎಂಟು ಔಟ್‌ಪುಟ್‌ಗಳು ಒಟ್ಟಿಗೆ 1ರಿಂದ 0ಗೆ ಇಳಿಯುತ್ತವೆ. ಒಂದೊಂದರಿಂದ 20 ಮಿಲಿಆಂಪ್, ಒಟ್ಟು 160 ಮಿಲಿಆಂಪ್ ಕರೆಂಟ್ 2 ನ್ಯಾನೊಸೆಕೆಂಡಿನಲ್ಲಿ ಆ ಕಾಲಿನ ಮೂಲಕ ನುಗ್ಗುತ್ತದೆ. ಗುಣಿಸಿ ಭಾಗಿಸಿದರೆ ಬರುವುದು 0.8 ವೋಲ್ಟ್. ಅಂದರೆ ಆ ಕ್ಷಣ ಚಿಪ್ಪಿನೊಳಗಿನ "ನೆಲ" ಹೊರಗಿನ ನೆಲಕ್ಕಿಂತ 0.8 ವೋಲ್ಟ್ ಮೇಲೆದ್ದಿರುತ್ತದೆ. ಟಿಟಿಎಲ್ ಒಪ್ಪಂದದಲ್ಲಿ 0ಗೆ ಕೊಟ್ಟ ಇಡೀ ಜಾಗ ಅಷ್ಟೇ! ಒಂಬತ್ತನೇ ಔಟ್‌ಪುಟ್ ಸುಮ್ನೆ 0 ಎಂದು ಕೂತಿದ್ದರೂ, ನೆಲದ ಜೊತೆ ಅದೂ ಮೇಲೇಳುತ್ತದೆ. ಪಕ್ಕದ ಚಿಪ್ ಅದನ್ನು 1 ಎಂದು ಓದಿದರೆ ಅದರ ತಪ್ಪಲ್ಲ.

ಪ್ರತಿ ಚಿಪ್ಪಿನ ಪಕ್ಕ 0.1 ಮೈಕ್ರೋಫ್ಯಾರಡ್‌ನ ಪುಟ್ಟ ಕೆಪಾಸಿಟರ್ ಇರುವುದನ್ನು ನೋಡಿರುತ್ತೀರಿ. ನಕ್ಷೆಯಲ್ಲಿ ಅದಕ್ಕೆ ಕೆಲಸವೇ ಇಲ್ಲದ ಹಾಗೆ ಕಾಣುತ್ತದೆ. ಹೊಸಬರು ಮೊದಲು ಬಿಟ್ಟುಬಿಡುವುದೂ ಅದನ್ನೇ. ಅದು ಅಡುಗೆಮನೆಯಲ್ಲಿ ತುಂಬಿಟ್ಟ ಕೊಡ ಇದ್ದ ಹಾಗೆ. ಚಿಪ್‌ಗೆ ಥಟ್ಟನೆ ಕರೆಂಟ್ ಬೇಕಾದಾಗ ದೂರದ ಸಪ್ಲೈವರೆಗೆ ಹೋಗಿ ಬರಲು ಸಮಯವಿಲ್ಲ. ಕೊಡ ಒಲೆಯ ಪಕ್ಕದಲ್ಲಿದ್ದರೆ ಮಾತ್ರ ಉಪಯೋಗ. ಆ ಕೆಪಾಸಿಟರನ್ನು ಐದು ಸೆಂ.ಮೀ. ದೂರದಲ್ಲಿಟ್ಟರೆ, ನಡುವಿನ ತಂತಿಯ ಇಂಡಕ್ಟನ್ಸ್ ಅದರ ಉಪಯೋಗವನ್ನು ಬಹುಪಾಲು ನುಂಗಿಹಾಕುತ್ತದೆ.

ತೀರ್ಮಾನಕ್ಕೆ ಬಾರದ ಫ್ಲಿಪ್-ಫ್ಲಾಪ್

ಫ್ಲಿಪ್-ಫ್ಲಾಪ್ ಎಂದರೆ ಒಂದು ಬಿಟ್, ಅಂದರೆ ಒಂದು 0 ಅಥವಾ 1, ನೆನಪಿಟ್ಟುಕೊಳ್ಳುವ ಸರ್ಕ್ಯೂಟ್. ಕ್ಲಾಕ್ ತಾಳ ಹಾಕಿದಾಗ ಒಳಗೆ ಬಂದದ್ದು 0ನೋ 1ನೋ ನೋಡಿ ಹಿಡಿದಿಟ್ಟುಕೊಳ್ಳುತ್ತದೆ. ಒಳಗೆ ಎರಡು ನಾಟ್ ಗೇಟುಗಳು ಒಂದರ ಬಾಲ ಇನ್ನೊಂದು ಹಿಡಿದಿರುತ್ತವೆ. ಒಂದು 0 ಎಂದರೆ ಇನ್ನೊಂದು 1 ಎನ್ನುತ್ತದೆ, ಅದು ಮೊದಲನೆಯದನ್ನು 0ಯಲ್ಲೇ ಹಿಡಿದಿಡುತ್ತದೆ. ಗುಡ್ಡದ ಎರಡು ಬದಿಯ ಎರಡು ಕಣಿವೆಗಳಂತೆ. ಚೆಂಡು ಯಾವ ಕಣಿವೆಗೆ ಬಿತ್ತೋ ಅಲ್ಲೇ ಇರುತ್ತದೆ.

ಕ್ಲಾಕ್ ತಾಳ ಹಾಕಿದ ಕ್ಷಣಕ್ಕೇ ಒಳಬದಿಯೂ 0ಯಿಂದ 1ಕ್ಕೆ ಬದಲಾಗುತ್ತಿದ್ದರೆ? ಮೆಟ್ಟಿಲಿನ ನಡುವೆ ಗಾಳಿಯಲ್ಲಿದ್ದ ಕಾಲನ್ನು ಫೋಟೊ ತೆಗೆದ ಹಾಗೆ. ಚೆಂಡು ಗುಡ್ಡದ ನೆತ್ತಿಯ ಮೇಲೆ ಹೋಗಿ ಕೂರುತ್ತದೆ. ಯಾವ ಕಡೆಗಾದರೂ ಉರುಳುವುದು ಖಂಡಿತ. ಆದರೆ ಯಾವಾಗ? ಎಷ್ಟು ಸರಿಯಾಗಿ ನೆತ್ತಿಯ ಮೇಲೆ ಕೂತಿದೆಯೋ ಅಷ್ಟು ತಡ. ಇಂತಿಷ್ಟರೊಳಗೆ ಬೀಳುತ್ತದೆ ಎಂದು ಗಡುವು ಹಾಕಲು ಸಾಧ್ಯವಿಲ್ಲ. ಇದಕ್ಕೆ ಮೆಟಾಸ್ಟೆಬಿಲಿಟಿ ಎನ್ನುತ್ತಾರೆ.

ಬಹಳ ಕಾಲ ಎಷ್ಟೋ ಎಂಜಿನಿಯರುಗಳು ಇದನ್ನು ತಲೆಗೆ ಹಚ್ಚಿಕೊಂಡಿರಲಿಲ್ಲ. 1973ರಲ್ಲಿ ಥಾಮಸ್ ಚೇನಿ ಮತ್ತು ಚಾರ್ಲ್ಸ್ ಮೋಲ್ನರ್ ಇದನ್ನು ಪ್ರಯೋಗದಿಂದ ತೋರಿಸಿ ಪ್ರಬಂಧ ಪ್ರಕಟಿಸಿದರು. ಇವರೂ ಸೇಂಟ್ ಲೂಯಿಯ ಅದೇ ವಾಷಿಂಗ್ಟನ್ ವಿಶ್ವವಿದ್ಯಾಲಯದವರು, ಶ್ಮಿಟ್ ಓದಿದ ಜಾಗ.

ಇದನ್ನು ಪೂರ್ತಿ ಇಲ್ಲವಾಗಿಸಲು ಆಗುವುದಿಲ್ಲ. ಹೊರಗಿನ ಜಗತ್ತು ನಮ್ಮ ಕ್ಲಾಕ್ ನೋಡಿಕೊಂಡು ಬದಲಾಗುವುದಿಲ್ಲವಲ್ಲ. ಬಟನ್ ಒತ್ತುವ ಬೆರಳಿಗೆ ಕ್ಲಾಕ್ ಗೊತ್ತಿಲ್ಲ. ಮಾಡಬಹುದಾದದ್ದು ಕಾಯುವುದು. ಮೊದಲ ಫ್ಲಿಪ್-ಫ್ಲಾಪಿನ ಉತ್ತರವನ್ನು ನೇರವಾಗಿ ಬಳಸದೆ, ಎರಡನೆಯದಕ್ಕೆ ಕೊಡುತ್ತಾರೆ. ಅದು ಒಂದು ಇಡೀ ಕ್ಲಾಕ್ ಹೆಜ್ಜೆ ಕಾದು ನೋಡುತ್ತದೆ. ಅಷ್ಟರಲ್ಲಿ ಚೆಂಡು ಉರುಳಿರುತ್ತದೆ. ಖುಷಿಯ ವಿಷಯ ಏನೆಂದರೆ, ಕಾಯುವ ಹೊತ್ತನ್ನು ಸ್ವಲ್ಪ ಹೆಚ್ಚಿಸಿದರೆ ತಪ್ಪಿನ ಸಾಧ್ಯತೆ ಸ್ವಲ್ಪ ಕಡಿಮೆಯಾಗುವುದಲ್ಲ, ಅನೇಕ ಪಟ್ಟು ಕಡಿಮೆಯಾಗುತ್ತದೆ. ಗಂಟೆಗೊಮ್ಮೆ ಆಗುವ ತಪ್ಪನ್ನು ಸಾವಿರಾರು ವರ್ಷಕ್ಕೊಮ್ಮೆ ಎಂಬಷ್ಟು ಅಪರೂಪ ಮಾಡಬಹುದು. ಸೊನ್ನೆ ಮಾಡಲಿಕ್ಕಂತೂ ಆಗುವುದಿಲ್ಲ.

ಮೆಮೊರಿಯೊಳಗಿನ ಎಲೆಕ್ಟ್ರಾನುಗಳು

ಕಂಪ್ಯೂಟರಿನ ಮುಖ್ಯ ಮೆಮೊರಿಯಾದ ಡಿ-ರ್‍ಯಾಮ್‌ನಲ್ಲಿ ಪ್ರತಿ ಬಿಟ್ ಒಂದು ಅತಿ ಪುಟ್ಟ ಕೆಪಾಸಿಟರ್. ತುಂಬಿದ್ದರೆ 1, ಖಾಲಿ ಇದ್ದರೆ 0. ಆದರೆ ಬಕೆಟ್ ಸೋರುತ್ತದೆ. ಹಾಗಾಗಿ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಎಲ್ಲವನ್ನೂ ಓದಿ ಮತ್ತೆ ತುಂಬುತ್ತಲೇ ಇರಬೇಕು.

1978ರಲ್ಲಿ ಇಂಟೆಲ್‌ನ ತಿಮೋತಿ ಮೇ ಮತ್ತು ಮರ್ರೆ ವುಡ್ಸ್ ಒಂದು ವಿಚಿತ್ರ ಕಾರಣ ಹುಡುಕಿದರು. ಬಿಟ್‌ಗಳು ತಾವಾಗಿಯೇ ಬದಲಾಗುತ್ತಿದ್ದವು, ಚಿಪ್ ಮಾತ್ರ ಕೆಟ್ಟಿರುತ್ತಿರಲಿಲ್ಲ. ಚಿಪ್ಪಿನ ಹೊರಕವಚದಲ್ಲಿ ಯುರೇನಿಯಂ ಮತ್ತು ಥೋರಿಯಂ ಚೂರೇ ಚೂರು ಬೆರೆತಿತ್ತು. ಅವುಗಳಿಂದ ಹೊರಟ ಆಲ್ಫಾ ಕಣಗಳು ಬಕೆಟ್ಟಿನ ಚಾರ್ಜನ್ನು ಕೆಡಿಸುತ್ತಿದ್ದವು. ಆಕಾಶದಿಂದ ಬರುವ ಕಾಸ್ಮಿಕ್ ಕಿರಣಗಳೂ ಇದೇ ಕೆಲಸ ಮಾಡಬಲ್ಲವು. 2003ರಲ್ಲಿ ಬೆಲ್ಜಿಯಂನ ಸ್ಕಾರ್ಬೆಕ್‌ನಲ್ಲಿ ನಡೆದ ಎಲೆಕ್ಟ್ರಾನಿಕ್ ಮತದಾನದಲ್ಲಿ ಒಬ್ಬ ಅಭ್ಯರ್ಥಿಗೆ ಸರಿಯಾಗಿ 4096 ಮತ ಜಾಸ್ತಿ ಬಂದಿತ್ತು. 4096 ಎಂದರೆ ಎರಡನ್ನು ಹನ್ನೆರಡು ಸಲ ಗುಣಿಸಿದ ಸಂಖ್ಯೆ. ಒಂದೇ ಒಂದು ಬಿಟ್ 0ಯಿಂದ 1ಕ್ಕೆ ತಿರುಗಿದರೆ ಬರುವ ವ್ಯತ್ಯಾಸ ಅದು. ಸರ್ವರುಗಳ ಮೆಮೊರಿಯಲ್ಲಿ ಪ್ರತಿ 64 ಬಿಟ್‌ಗೆ 8 ಹೆಚ್ಚುವರಿ ಬಿಟ್ ಇಟ್ಟು ಇಂಥ ತಪ್ಪನ್ನು ತಿದ್ದುತ್ತಾರೆ.

ಪೆನ್ ಡ್ರೈವ್, ಎಸ್‌ಎಸ್‌ಡಿಗಳಲ್ಲಿರುವ ಫ್ಲ್ಯಾಶ್ ಮೆಮೊರಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿ ಬಕೆಟ್ "ತುಂಬಿದೆ" ಅಥವಾ "ಖಾಲಿ" ಎಂದಷ್ಟೇ ನೋಡುವುದಿಲ್ಲ. ಕ್ಯೂಎಲ್‌ಸಿ ಎಂಬ ಬಗೆಯಲ್ಲಿ ಒಂದೇ ಬಕೆಟ್ಟಿಗೆ 16 ಮಟ್ಟಗಳು, ಅಂದರೆ 4 ಬಿಟ್. ಮಟ್ಟ ಹೆಚ್ಚಿದಷ್ಟೂ ನಡುವಿನ ಅಂತರ ಕಿರಿದು. ಅದಕ್ಕೇ ಇವುಗಳ ಆಯಸ್ಸು ಕಡಿಮೆ, ತಪ್ಪು ತಿದ್ದುವ ಲೆಕ್ಕ ಜಾಸ್ತಿ. ಕಂಪ್ಯೂಟರ್ ಒಳಗಿನ ಭಾಗಗಳನ್ನು ಜೋಡಿಸುವ, 2022ರಲ್ಲಿ ಬಂದ ಪಿಸಿಐ ಎಕ್ಸ್‌ಪ್ರೆಸ್ 6.0 ಕೂಡ ತಂತಿಯ ಮೇಲೆ ಎರಡರ ಬದಲು ನಾಲ್ಕು ವೋಲ್ಟೇಜ್ ಮಟ್ಟಗಳನ್ನು ಬಳಸುತ್ತದೆ.

ನೋಡುವುದು ಹೇಗೆ?

ಲಾಜಿಕ್ ಅನಲೈಸರ್ ಎಂಬ ಉಪಕರಣ 0, 1 ಎಂದು ತೋರಿಸುತ್ತದೆ. ಆದರೆ ಅದು ಈಗಾಗಲೇ ತೀರ್ಮಾನ ಮಾಡಿ ತೋರಿಸಿದ ಚಿತ್ರ. ವೋಲ್ಟೇಜಿನ ನಿಜರೂಪ ಬೇಕಾದರೆ ಆಸಿಲೋಸ್ಕೋಪ್ ಬೇಕು. ಅದರಲ್ಲೂ ಎಚ್ಚರ ಬೇಕು. ಅದರಿಂದ ಹೊರಟು ಸರ್ಕ್ಯೂಟಿಗೆ ತಾಗಿಸುವ ಕಡ್ಡಿಗೆ ಪ್ರೋಬ್ ಎನ್ನುತ್ತಾರೆ. ಪ್ರೋಬ್ ಜೊತೆ ಬರುವ 15 ಸೆಂ.ಮೀ. ಗ್ರೌಂಡ್ ತಂತಿಗೇ ಇಂಡಕ್ಟನ್ಸ್ ಇರುವುದರಿಂದ, ಸರ್ಕ್ಯೂಟಿನಲ್ಲಿ ಇಲ್ಲದ ಓಲಾಟವೂ ಪರದೆಯ ಮೇಲೆ ಕಾಣಬಹುದು. ಪ್ರೋಬಿಗೂ ಸುಮಾರು 10 ಪಿಕೋಫ್ಯಾರಡ್ ಕೆಪಾಸಿಟನ್ಸ್ ಇದೆ. ನೋಡಲು ಹೋದ ನಾವು ಅಲ್ಲಿಗೆ ಒಂದು ಪುಟ್ಟ ಬಕೆಟ್ ಕಟ್ಟಿ ಬಂದ ಹಾಗೆ.

ನಾನು ಕಟ್ಟಿದ್ದ ಒಂದು ಬೋರ್ಡ್ ಗಂಟೆಗೆ ನಾಲ್ಕೈದು ಸಲ ತಪ್ಪು ಲೆಕ್ಕ ಕೊಡುತ್ತಿತ್ತು. ಒಂದೊಂದೇ ತಂತಿಗೆ ಪ್ರೋಬ್ ತಾಗಿಸಿ ನೋಡುತ್ತ ಹೋದೆ. ಕ್ಲಾಕ್ ತಂತಿಗೆ ತಾಗಿಸಿದಾಗ ತಪ್ಪು ಬರುವುದೇ ನಿಂತಿತು. ತೆಗೆದರೆ ಮತ್ತೆ ಶುರು. ಆ 10 ಪಿಕೋಫ್ಯಾರಡ್ ಅಂಚನ್ನು ಸ್ವಲ್ಪ ಮೊಂಡು ಮಾಡಿ, ವಾಪಸ್ ಬರುವ ಅಲೆಯ ಜೋರನ್ನು ತಗ್ಗಿಸುತ್ತಿತ್ತು. ಪ್ರೋಬ್ ತೆಗೆದಿಟ್ಟು, ಆ ತಂತಿ ಹೊರಡುವ ಕಡೆ 33 ಓಮ್‌ನ ಒಂದು ರೆಸಿಸ್ಟರ್ ಬೆಸೆದೆ. ಎರಡು ದಿನ ಬಿಡದೆ ಓಡಿಸಿ ನೋಡಿದೆ. ಒಂದು ತಪ್ಪೂ ಬರಲಿಲ್ಲ.